ಸೊಪ್ಪಿನ ಗಾಡಿ

4-11-51, ಭಾನುವಾರ

ಎಡಗಡೆ ಚಕ್ರ ಇನ್ನೂ ವಾಲುತ್ತಿದೆ. ಸ್ಪೋಕ್ ಬಿಗಿದೆ, ಸಡಿಲಿಸಿದೆ, ಮತ್ತೆ ಬಿಗಿದೆ. ಬೈದೂ ನೋಡಿದೆ. ಸೈಕಲ್ ಶಾಪಿನ ಚೆನ್ನಯ್ಯ ಮೊದಲೇ ಹೇಳಿದ್ದ, "ಈ ರಿಮ್ಮು ಗುಜರಿಗೆ ಆಗೋವು ಕಣ್ರಿ ಸಾ" ಅಂತ. ಕೇಳಬೇಕಲ್ಲ ನಾನು.

ಆಕ್ಸಲ್‌ಗೆ ಕಬ್ಬಿಣದ ಸರಳು. ಮೇಲೆ ಟೀ ಪೆಟ್ಟಿಗೆ. ಸೈಕಲ್ಲಿನ ಹಿಂದೆ ಕಟ್ಟಿ ಎಳೆಯಲು ಮೂಕಿಗೆ ಬಿದಿರು. ಇದೆಲ್ಲ ಯಾಕೆ ಎಂದು ಕೇಳುವವರಿಲ್ಲ, ಅದೊಂದು ಸುಖ. ಹೆಂಡತಿ ಇದ್ದಿದ್ದರೆ ಕೇಳುತ್ತಿದ್ದಳು. ಹೋಗಿ ನಾಲ್ಕು ವರ್ಷವಾಯಿತು.

ಜೂನ್‌ನಲ್ಲಿ ರಿಟೈರ್ ಆದೆ. ಅಲ್ಲಿಯ ತನಕ ಸಿಡುಬು ಬಾರದಂತೆ ಮಕ್ಕಳಿಗೆ ದಾಕು ಚುಚ್ಚುತ್ತಾ ಹನೂರು, ಲೊಕ್ಕನಹಳ್ಳಿ, ಪಾಲಾರ್ ಗಡಿ ತನಕ ಸೈಕಲ್ ತುಳಿದವನು. ನನ್ನ ಬೆಲ್ ಕೇಳಿದರೆ ಮಕ್ಕಳು ಅಟ್ಟ ಹತ್ತುತ್ತಿದ್ದವು. ಈಗ ಬೆಲ್ ಬಾರಿಸಿದರೆ ಯಾರೂ ಓಡುವುದಿಲ್ಲ. ತಿರುಗಿಯೂ ನೋಡುವುದಿಲ್ಲ.

ಇವತ್ತು ಆಡಿದ ಮಾತೆಲ್ಲ ಚಕ್ರಕ್ಕೆ ಬೈದದ್ದೇ.

9-11-51

ಗಾಡಿ ಓಡಿತು! ಮೊದಲ ತಿರುವಿನಲ್ಲೇ ಮಗುಚಿಕೊಂಡಿತು, ಅದು ಬೇರೆ ಮಾತು. ಮೂಕಿಯನ್ನು ಬೋಲ್ಟ್ ಹಾಕಿ ಸೈಕಲ್ ಸೀಟಿನ ಕಂಬಕ್ಕೆ ಬಿಗಿದದ್ದು ತಪ್ಪು. ತಿರುಗಲು ಜಾಗವಿರಲಿಲ್ಲ. ಬೋಲ್ಟ್ ಬಿಚ್ಚಿ, ಹಳೇ ಟ್ಯೂಬ್ ಸೀಳಿ ಸುತ್ತಿ ಕಟ್ಟಿದೆ. ಈಗ ಎತ್ತ ಎಳೆದರೆ ಅತ್ತ ಬರುತ್ತದೆ.

ಪೇಟೆ ಬೀದಿ ಪೂರಾ ನಕ್ಕಿತು. ಬೆಲ್ಲದ ಅಂಗಡಿ ಪುಟ್ಟಬಸಪ್ಪ ಕೂಗಿದ — "ಏನ್ ಸಾ, ಎತ್ತಿಲ್ದ ಗಾಡಿಯಾ?"

"ಎತ್ತು ನಾನೇ ಕಣಯ್ಯ" ಅಂದೆ. ನಕ್ಕರೆ ನಗಲಿ. ಮಾತಾಡಿಸಿದರಲ್ಲ.

18-11-51

ಗಾಡಿಗೆ ಕೆಲಸ ಸಿಕ್ಕಿತು. ಬೀದಿ ಕೊನೆಯ ಚನ್ನಾಜಮ್ಮನವರು ರೇಷ್ಮೆ ಹುಳು ಸಾಕುತ್ತಾರೆ. ಗಂಡ ಇಲ್ಲ, ಮಕ್ಕಳಿಲ್ಲ, ಹುಳುವೇ ಸಂಸಾರ. ಹಿಪ್ಪುನೇರಳೆ ತೋಟ ಇರುವುದು ಕುಂತೂರಿನಲ್ಲಿ. ಕೂಲಿಯ ಚಿಕ್ಕನಿಂಗಮ್ಮ ಅಲ್ಲಿಂದ ಸೊಪ್ಪು ಹೊತ್ತು ತರುವಷ್ಟರಲ್ಲಿ ಅರ್ಧ ಬಾಡಿರುತ್ತಿತ್ತು. ನಾನು ಒದ್ದೆ ಗೋಣಿ ಮುಚ್ಚಿ, ಬಿಸಿಲು ಏರುವ ಮೊದಲೇ ತಂದು ಇಳಿಸಿದೆ.

"ಈಗ್ ಕಿತ್ತಂಗದೆ ಕಣ್ರಿ" ಅಂದರು ಚನ್ನಾಜಮ್ಮ.

"ನನ್ ನೆತ್ತಿ ಉಳೀತು ಸಾ" ಅಂತ ಚಿಕ್ಕನಿಂಗಮ್ಮ ನಕ್ಕಳು. ಅವಳಿಗೆ ಇನ್ನು ಒಳಗೆ ತಟ್ಟೆ ಶುಚಿ ಮಾಡುವ ಕೆಲಸ. ಹೊಗೆಸೊಪ್ಪು ಹಾಕುವ ಬಾಯಿ ಅವಳದು. ಅದರ ಗಾಳಿ ಸೋಕಿದರೂ ಹುಳು ಸಾಯುತ್ತದಂತೆ. ಅದಕ್ಕೇ ಬಾಗಿಲಲ್ಲಿ ಉಗಿದು, ಬಾಯಿ ಮುಕ್ಕಳಿಸಿ, ಸೀಗೆಪುಡಿ ಹಾಕಿ ಕೈ ತಿಕ್ಕಿಯೇ ಒಳಗೆ ಹೋಗುವುದು. ನಾನೇ ನೋಡಿದೆ.

ನನಗೆ ಜಗಲಿಯ ಮೇಲೆ ಕಾಫಿ. ಒಂದು ಲೋಟ ಕಾಫಿಯನ್ನು ಎಷ್ಟು ಹೊತ್ತು ಕುಡಿಯಬಹುದೋ ಅಷ್ಟು ಹೊತ್ತು ಕುಡಿದೆ.

26-11-51, ಸೋಮವಾರ

ಇವತ್ತು ಒಳಗೆ ಕರೆದರು.

ಹುಳುಮನೆಗೆ ಯಾರನ್ನೂ ಬಿಡುವುದಿಲ್ಲ ಇವರು. ನೆಂಟರನ್ನೂ ಬಿಡುವುದಿಲ್ಲ. ಕಣ್ಣಾಸರ ಆಗಿ ದೃಷ್ಟಿ ತಾಗುತ್ತದೆ ಅಂತ. ನಾನು ಎಂದಿನಂತೆ ಜಗಲಿಯಲ್ಲಿ ಕೂತಿದ್ದೆ. ಚನ್ನಾಜಮ್ಮ ಬಾಗಿಲಿಗೆ ಬಂದು, "ಮೂರ್ನೇ ಜ್ವರ ಎದ್ದವೆ, ನೋಡಿವ್ರಂತೆ ಬನ್ನಿ" ಅಂದರು. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ನನ್ನ ಕಸುಬಿನ ಮಾತು!

"ಹೊರಗಿನವರನ್ನ ಬಿಡಲ್ವಲ್ಲ" ಅಂದೆ.

"ನೀವ್ ಒರಗ್ನೋರಾ?" ಅಂದರು.

ತಟ್ಟೆ ತುಂಬ ಹುಳು. ಸೊಪ್ಪು ಹರಡಿದೊಡನೆ ಎಲ್ಲ ಒಟ್ಟಿಗೆ ತಲೆಯೆತ್ತಿದವು. ಏನು ನೋಡಿದೆನೋ, ಮನೆಗೆ ಬಂದ ಮೇಲೆ ನೆನಪಿದ್ದದ್ದು ಅವರ ಆ ಮಾತೊಂದೇ. ನಾನು ಹೊರಗಿನವನಲ್ಲ. ಬರೆದು ನೋಡಿಕೊಂಡೆ. ಇನ್ನೊಮ್ಮೆ ಬರೆಯುವ ಆಸೆ... ಈ ವಯಸ್ಸಿಗೆ ಸಾಕು.

5-12-51, ಮಧ್ಯಾಹ್ನ 3

ಯಳಂದೂರು ಬಸ್ಸಿಗೆ ಬಂದ ಎರಡು ಪಿಂಡಿ ಹೊಗೆಸೊಪ್ಪು, ಸದಾಶಿವಪ್ಪನ ಅಂಗಡಿಗೆ ಮುಟ್ಟಿಸಿದೆ. ಈಗೀಗ ಪೇಟೆಯವರೂ ಕರೆಯುತ್ತಾರೆ, "ಸಾ, ನಿಮ್ ಗಾಡಿ ಬತ್ತದಾ?" ಅಂತ. ಬರುತ್ತದೆ, ಬರದೆ ಏನು. ಬಸ್ಸಿನ ಟಾಪಿನ ಮೇಲೆ ಮಳೆಗೆ ನೆನೆದಿದ್ದವು ಪಿಂಡಿಗಳು, ಕಂದು ನೀರು ಸೋರುತ್ತಿತ್ತು. ಪೆಟ್ಟಿಗೆ ಬೋರಲು ಹಾಕಿ ತಟ್ಟಿದೆ.

ನಾಲ್ಕನೇ ಜ್ವರ ಎದ್ದ ಹುಳು ಸಿಕ್ಕಾಪಟ್ಟೆ ತಿನ್ನುತ್ತಿವೆಯಂತೆ, ಸಾಯಂಕಾಲವೂ ಒಂದು ಟ್ರಿಪ್ ಬೇಕೆಂದು ಹೇಳಿ ಕಳಿಸಿದ್ದಾರೆ. ಕುಂತೂರಿಗೆ ಹೊರಟೆ.

6-12-51

ಹುಳುವೆಲ್ಲ ಹೋಯಿತು.

ಬೆಳಗ್ಗೆ ಎಂದಿನಂತೆ ಸೊಪ್ಪು ತಂದೆ. ಬಾಗಿಲು ತೆರೆದೇ ಇತ್ತು. ತಟ್ಟೆಗಳನ್ನು ಅಂಗಳಕ್ಕೆ ತಂದು ಹಾಕಿದ್ದರು. ಹುಳು ತಲೆ ಹಿಂದಕ್ಕೆ ಎಸೆದು ಹಸಿರು ಕಕ್ಕುತ್ತಿದ್ದವು. ಕೆಲವು ಆಗಲೇ ಮುದುಡಿದ್ದವು. ಇನ್ನು ನಾಲ್ಕು ದಿನ ಹೋಗಿದ್ದರೆ ಗೂಡು ಕಟ್ಟುತ್ತಿದ್ದವು.

ಚನ್ನಾಜಮ್ಮ ಚಿಕ್ಕನಿಂಗಮ್ಮನ ಮೇಲೆ ಕೂಗಾಡುತ್ತಿದ್ದರು. "ಒಗೆಸೊಪ್ ಬಾಯಲ್ ಇಟ್ಕಂಡೇ ಒಳಗ್ ಬಂದಿದ್ದೀಯ ಕಣೇ. ನನ್ ಮನೆ ತೊಳುದ್ಬುಟ್ಟೆ."

"ಮಾದಪ್ಪನಾಣೆ ಇಲ್ಲ ಕಣವ್ವ. ಉಗುದು, ಕೈ ತೊಳ್ಕಂಡೇ ಬಂದೆ."

"ಇನ್ನೆಲ್ಲಿಂದ ಬಂತು ಒಗೆಸೊಪ್ಪು? ಆಕಾಸದಿಂದ ಉದುರ್ತಾ?"

ಚಿಕ್ಕನಿಂಗಮ್ಮ ನನ್ನ ಕಡೆ ನೋಡಿದಳು. ನೀವಾದರೂ ಹೇಳಿ, ದಿನಾ ನೋಡ್ತೀರಲ್ಲ ಅನ್ನುವ ಹಾಗೆ. ನನಗೆ ಅಷ್ಟರಲ್ಲಿ ಹೊಳೆದಿತ್ತು. ಗಾಡಿ ತಳ್ಳಿಕೊಂಡು ಮನೆಗೆ ಬಂದೆ. ಪೆಟ್ಟಿಗೆಯೊಳಗೆ ತಲೆ ಇಟ್ಟೆ. ಹೊಗೆಸೊಪ್ಪಿನ ಘಾಟು.

ಒಂದು ಮಗುವಿಗೆ ಚುಚ್ಚಿದ ಸೂಜಿಯನ್ನು ಉರಿಗೆ ಹಿಡಿಯದೆ ಇನ್ನೊಂದು ಮಗುವಿಗೆ ಮುಟ್ಟಿಸಿದವನಲ್ಲ. ಸರ್ವಿಸ್ ಪೂರ್ತಿ. ಪೆಟ್ಟಿಗೆಗೆ ಒಂದು ಕೊಡ ನೀರು ಹಾಕಲು ತೋಚಲಿಲ್ಲ, ನನ್ನ ಬುದ್ಧಿಗಿಷ್ಟು!

7-12-51

ಹೇಳಲೆಂದೇ ಹೋದೆ. ಚನ್ನಾಜಮ್ಮ ಜಗಲಿಗೆ ಬಂದು ಕೂತರು. ಅತ್ತರು. "ನೀವೊಬ್ರು ಬಂದು ಕೂತ್ಕತೀರಿ, ಅದೇ ಒಂದ್ ಸಮಾಧಾನ" ಅಂದರು.

ಇದಾದ ಮೇಲೆ ಹೇಗೆ ಹೇಳಲಿ? ಹೇಳಿದರೆ ಈ ಜಗಲಿಯೂ ಇಲ್ಲ. ಪೇಟೆಯವರು ಸಾಮಾನು ಸಾಗಿಸಲು ಕರೆಯುತ್ತಾರೆ, ಕೂರಿಸಿಕೊಳ್ಳುವವರು ಇವರೊಬ್ಬರೇ.

ನಾಳೆ ಹೇಳುತ್ತೇನೆ.

12-12-51

ಹೇಳಿಲ್ಲ.

ಚಿಕ್ಕನಿಂಗಮ್ಮನನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಹುಳು ಸಾಕುವವರಂತೂ ಬಾಗಿಲಿಗೇ ಸೇರಿಸುವುದಿಲ್ಲ. ನೂಲು ಬಿಚ್ಚುವ ಕಡೆಯೂ ಬೇಡ ಅಂದರಂತೆ. ಪುಟ್ಟಬಸಪ್ಪನೇ ಹೇಳಿದ — "ಉಳ ಕೊಂದೋಳು ಅಂತ ಎಸ್ರು ಬಿದ್ಬುಡ್ತಲ್ಲ ಸಾ." ಬಾವಿಯ ಹತ್ತಿರ ನೋಡಿದೆ. ಅವಳು ಬಂದಳು, ಉಳಿದವರು ಕೊಡ ಎತ್ತಿಕೊಂಡು ಹೊರಟರು. ಅವಳು ಒಬ್ಬಳೇ ಸೇದುತ್ತಿದ್ದಳು. ನಾನು ಸೈಕಲ್ ಇಳಿಯಲಿಲ್ಲ.

ಸಾಯಂಕಾಲ ಚನ್ನಾಜಮ್ಮನವರ ಜಗಲಿಯಲ್ಲಿ ಕಾಫಿ. ಕುಡಿದೆ.

19-12-51, ಬುಧವಾರ

ಹೇಳಿದೆ.

ಚನ್ನಾಜಮ್ಮ ಹೊಸ ಹುಳುವಿನ ಮೊಟ್ಟೆ ತರಿಸಿದ್ದಾರೆ. "ನಾಳಿಂದ ಸೊಪ್ಪು ತಂದ್ಕೊಡಿ" ಅಂದರು. ಆಗ ತಡೆಯಲಾಗಲಿಲ್ಲ. ಬಸ್ಸು, ಪಿಂಡಿ, ಪೆಟ್ಟಿಗೆ, ಎಲ್ಲ ಹೇಳಿದೆ. ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಉಳ ಓದ್ರೆ ಓಯ್ತು, ಇನ್ನೊಂದ್ ಸಲ ಸಾಕ್ಬೋದು. ಅವತ್ತೇ ಯೋಳಿದ್ರೆ ಆ ಎಣ್ಣ ಬೀದಿಪಾಲ್ ಮಾಡ್ತಿರ್ನಿಲ್ಲ ನಾನು."

ಸೆರಗು ಹೊದ್ದು ಇಳಿದು ಹೋದರು, ಚಿಕ್ಕನಿಂಗಮ್ಮನ ಮನೆ ಕಡೆಗೆ. ಎರಡು ಹೆಜ್ಜೆ ಹೋಗಿ ತಿರುಗಿದರು. "ಇನ್ ಮ್ಯಾಕೆ ಬರಬ್ಯಾಡಿ." ಅವರಿಲ್ಲದ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

20-12-51, ಬೆಳಗ್ಗೆ 8

ಬಾಗಿಲು ತಟ್ಟಿದ ಸದ್ದು. ನಮ್ಮ ಬಾಗಿಲು ತಟ್ಟುವವರು ಯಾರು? ಚನ್ನಾಜಮ್ಮನವರೇ ಇರಬಹುದು ಅಂತ ಓಡಿದೆ, ನಾಚಿಕೆಯಿಲ್ಲದೆ.

ಚಿಕ್ಕನಿಂಗಮ್ಮ. ತಲೆಯ ಮೇಲೆ ಸೊಪ್ಪಿನ ಹೊರೆ. ಕುಂತೂರಿನಿಂದ ನಡೆದು ಬಂದಿದ್ದಳು.

"ಅವ್ವ ಬಂದು ಕರ್ಕಂಡೋದ್ರು ಸಾ. ತಪ್ಪಾಯ್ತು ಅಂದ್ರು" ಅಂದಳು.

"ಒಳ್ಳೇದಾಯಿತು. ನಂದೂ ತಪ್ಪೇ, ಚಿಕ್ಕನಿಂಗಮ್ಮ" ಅಂದೆ. ಹೊರೆ ಇಳಿಸು, ಕೂತುಕೋ ಅಂದೆ. ಇಳಿಸಲಿಲ್ಲ.

"ಸೊಪ್ಪು ಬಾಡ್ತದೆ, ಓಯ್ತೀನಿ. ಒಂದ್ ಮಾತ್ ಕೇಳನ ಅಂತ ಬಂದೆ. ಕೆಲ್ಸ ಓದ್ರೆ ಓಯ್ತದೆ, ಗಂಜಿ ಕುಡ್ಕಂಡ್ ಇರ್ಬೋದು. ಇಷ್ಟ್ ದಿನ ಒಂದ್ ನರಪಿಳ್ಳೆ ನನ್ನ ಮಾತಾಡಿಸ್ನಿಲ್ಲ ಸಾ. ಗ್ವಾಡೆ ಜೊತೆ ಮಾತಾಡ್ದೆ ನಾನು. ಅದ್ ಎಂಗಿರ್ತದೆ ಅಂತ ನಿಮ್ಗೇನ್ ಗೊತ್ತು, ದೊಡ್ ಮನುಸ್ರು."

ಉತ್ತರಕ್ಕೆ ನಿಲ್ಲಲಿಲ್ಲ. ಹೋದಳು.

ನನಗೇನು ಗೊತ್ತು ಎಂದಳು. ಈ ಬೀದಿಯಲ್ಲಿ ಅದು ಗೊತ್ತಿರುವವನು ನಾನೊಬ್ಬನೇ. ಗೊತ್ತಿದ್ದೂ ಅವಳನ್ನು ಅದರೊಳಕ್ಕೆ ತಳ್ಳಿ, ನಾನು ಮಾತ್ರ ಜಗಲಿಯ ಮೇಲೆ ಕೂತು ಕಾಫಿ ಕುಡಿದೆ.