ಹಳೆಯ ಸೈಜು

ಮಾರ್ಚ್ ೧೨, ಗುರುವಾರ

ಇವತ್ತು ಬಟ್ಟೆ ಕೊಳ್ಳಲಿಲ್ಲ. ಅಕ್ಕ ಬಾಗಿಲು ತೆರೆದವಳೇ ನನ್ನ ಕೈ ನೋಡಿದಳು. "ಬರಿಗೈಲಿ ಬಂದ್ಯಾ? ಪರವಾಗಿಲ್ವೇ, ಇನ್ನು ಬಟ್ಟೆ ಕೊಳ್ಳಲ್ಲ ಅಂತ ಕೊಟ್ಟ ಮಾತು ಉಳಿಸ್ಕೊಂಡೆ" ಅಂದಳು. ಹೂಂ ಎಂದು ಒಳಗೆ ಬಂದೆ.

ತೂಕ ಇಳಿದ ಮೇಲೆ ಕೊಂಡ ಡ್ರೆಸ್ಸುಗಳೆಲ್ಲ ಬೀರುವಿನಲ್ಲಿ ಚೀಟಿ ಸಮೇತ ನೇತಾಡುತ್ತಿವೆ. ನನಗೆ ಬೇಕಾದದ್ದು ಅವಲ್ಲ ಎಂದು ಅಕ್ಕನಿಗೆ ಹೇಗೆ ಹೇಳಲಿ? ಪ್ರತಿ ಸಲವೂ ಅಂಗಡಿಯಲ್ಲಿ ಬೇಕೆಂದೇ ನನ್ನ ಹಳೆಯ ದೊಡ್ಡ ಸೈಜು ಕೇಳುತ್ತೇನೆ. ಮಾರುವ ಹುಡುಗಿ ನಕ್ಕು, "ಅಯ್ಯೋ ಮೇಡಂ, ಅದ್ರಲ್ಲಿ ನಿಮ್ಮಂಥೋರು ಇಬ್ರು ಹಿಡೀತಾರೆ" ಅನ್ನುತ್ತಾಳೆ. ಆ ಒಂದು ಮಾತಿಗಾಗಿ ಒಂದು ಡ್ರೆಸ್ ಕೊಂಡು ಬರುತ್ತೇನೆ.

ಇವತ್ತೂ ಹೋಗಿದ್ದೆ. ಕಾಲು ನನ್ನ ಮಾತು ಕೇಳಲಿಲ್ಲ. ಅಲ್ಲಿ ಹೊಸ ಹುಡುಗಿಯೊಬ್ಬಳಿದ್ದಳು. ಎಂದಿನಂತೆ ಹಳೆಯ ಸೈಜು ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದನ್ನೇ ತೆಗೆದು ಕೈಗಿಟ್ಟಳು. "ಸರಿಯಾಗುತ್ತೆ ಮೇಡಂ, ಹಾಕ್ಕೊಂಡು ನೋಡಿ."

ನೋಡುವ ಧೈರ್ಯವಾಗಲಿಲ್ಲ. ಅಲ್ಲೇ ಬಿಟ್ಟು ಬಂದೆ.

ಬರಿಗೈಯಲ್ಲಿ ಬಂದೆನಂತೆ. ತೂಕ ಇಳಿಯುವ ಮೊದಲು ನಾನಾಗಿದ್ದ ಆ ದಪ್ಪನೆಯವಳು ನನ್ನ ಬೆನ್ನ ಹಿಂದೆಯೇ ಒಳಗೆ ಬಂದದ್ದು ಅಕ್ಕನಿಗೆ ಕಾಣಲಿಲ್ಲ. ನಿದ್ದೆ ಹತ್ತುತ್ತಿಲ್ಲ. ಬೀರುವಿನ ಕನ್ನಡಿಗೆ ಏನಾದರೂ ಹೊದಿಸೋಣವೆಂದರೆ, ಅಷ್ಟು ಅಗಲದ್ದು ಈ ಮನೆಯಲ್ಲಿ ಉಳಿದಿರುವುದು ಆ ದಪ್ಪನೆಯವಳ ನೈಟಿ ಒಂದೇ.