ಗೋಡೆಯ ಚಿತ್ರಕ್ಕೊಂದು ತಿದ್ದುಪಡಿ

ಚಿತ್ರ ಬರೆಯುವ ತಂಗಿಗೆ,

ನಮ್ಮೂರಿನ ಸಮುದಾಯ ಭವನ ನೋಡಿಕೊಳ್ಳುವ ಅಕ್ಕ ಬರೆಯುತ್ತಿದ್ದೇನೆ. ನೀನು ಹೋದ ಮೇಲೂ ಕಲಾವಿದರು ಒಬ್ಬರಾದ ಮೇಲೊಬ್ಬರು ಬಂದು ಇಲ್ಲಿದ್ದು ಕೆಲಸ ಮಾಡುತ್ತಿದ್ದಾರೆ. ಈಗಿರುವವನು ಮಣ್ಣಿನ ಮೂರ್ತಿ ಮಾಡುತ್ತಾನೆ, ಮಣ್ಣು ತುಂಬಿ ಬಚ್ಚಲು ಕಟ್ಟಿಕೊಂಡಿದೆ.

ಬಾಗಿಲ ಪಕ್ಕದ ಗೋಡೆಯಲ್ಲಿ ನೀನು ಬರೆದ ನನ್ನ ಚಿತ್ರ ಚೆನ್ನಾಗಿಯೇ ಇದೆ. ಬಂದವರೆಲ್ಲ ನನ್ನನ್ನು ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಚಿತ್ರದಲ್ಲಿರುವಂತೆ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರಲೇಬೇಕಂತೆ. ಜ್ವರ ಬಂದು ಮಲಗಿದ್ದಾಗಲೂ ಎಬ್ಬಿಸಿಕೊಂಡು ಹೋಗಿ ನಿಲ್ಲಿಸಿದರು.

ಮಗಳು ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನಗೆಂದು ತಂದ ಮಿಷನ್‌ಗೆ ಬಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಾಳೆ. ಹೊರಡುತ್ತೇನೆಂದು ಭವನದ ಅಧ್ಯಕ್ಷರಿಗೆ ಹೇಳಿದೆ.

“ಅಯ್ಯೋ, ನೀನೇ ಹೋದ್ರೆ ಆ ಗೋಡೆಗೇನಮ್ಮ ಬೆಲೆ? ಈ ಊರಿನ ಗುರುತೇ ನೀನು” ಎಂದು ಕೈ ಮುಗಿದುಬಿಟ್ಟರು.

ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹೊರಟುಬಿಡುತ್ತಿದ್ದೆ. ಕೈ ಮುಗಿದವರಿಗೆ ಏನು ಹೇಳಲಿ? ಗೊಂಚಲನ್ನು ಯಾರ ಮುಂದೆ ಹಿಡಿದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಚಿತ್ರಕ್ಕೆ ಸುಣ್ಣ ಬಳಿ ಎನ್ನಲು ಬಾಯಿ ಬರುವುದಿಲ್ಲ. ನಿನ್ನ ಹಾಗೆ ಅಷ್ಟು ಹೊತ್ತು ಕೂತು ನನ್ನ ಮುಖವನ್ನು ಯಾರೂ ನೋಡಿರಲಿಲ್ಲ. ಒಂದೇ ಒಂದು ತಿದ್ದುಪಡಿ ಮಾಡಿಕೊಡು. ಸೊಂಟದ ಗೊಂಚಲನ್ನು ಅಳಿಸಿ, ಪಕ್ಕದಲ್ಲೊಂದು ಮೊಳೆ ಬರೆದು ಅದಕ್ಕೆ ತೂಗುಹಾಕು. ಊಟ, ಹಾಸಿಗೆ ನನ್ನ ಮನೆಯಲ್ಲೇ. ಬೇಗ ಬಾ.

ನಿಜವಾದ ಮೊಳೆಯನ್ನು ನಾನು ಆಗಲೇ ಹೊಡೆದಿದ್ದೇನೆ. ನಿನ್ನ ಬಣ್ಣ ಒಣಗುವಷ್ಟು ಹೊತ್ತು ಮಾತ್ರ ಕಾಯುತ್ತೇನೆ.

ಇಂತಿ,
ಬಟ್ಟೆಬರೆ ಕಟ್ಟಿಟ್ಟುಕೊಂಡಿರುವ ನಿನ್ನ ಅಕ್ಕ