ಇಬ್ಬರೂ ಬಂದರೆ ಮಾತ್ರ

ನೆಗೌನಿ, ಮಿಷಿಗನ್
ಫೆಬ್ರವರಿ 7, ಬುಧವಾರ

ನನ್ನ ರೇನೊ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಶನಿವಾರ ಹಿತ್ತಿಲ ಹಬೆಸ್ನಾನದ ಸೌನಾ ಕಾಯಿಸಲು ನೀನು ಬಂದಾಗ, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ನಿನ್ನ ಟವೆಲಿನ ಅಡಿಯಲ್ಲಿ ಇರುತ್ತದೆ. ಒಳಗೆ ಕೂತು ಚೆನ್ನಾಗಿ ಬೆವರಿಳಿದ ಮೇಲೆ ಓದು. ಮೊದಲೇ ಓದಿದರೆ ಒಲೆಗೆ ಸೌದೆ ಹಾಕುವುದನ್ನು ಮರೆತುಬಿಡುತ್ತೀಯ.

ಹೋದ ಶನಿವಾರ ನನಗೊಂದು ಫೋನ್ ಬಂದಿತ್ತು. ಬ್ರಿಯಾನಾ ಎಂಬ ಹುಡುಗಿ, ಫ್ಲೋರಿಡಾದಿಂದ. ಚಳಿ ಶುರುವಾಗುವ ಮೊದಲು ನಾನೂ ಅಕ್ಕ ಮಾರ್ಥಾನೂ ಶಾಪಿಂಗ್ ಮಾಲ್‌ಗೆ ಹೋಗಿದ್ದಾಗ, ಹಿಮ ತಳ್ಳುವ ಯಂತ್ರ ಬಹುಮಾನವಾಗಿ ಸಿಗಬಹುದು ಎಂದು ಅಲ್ಲಿಟ್ಟಿದ್ದ ಪೆಟ್ಟಿಗೆಗೆ ಹೆಸರು ಬರೆದು ಹಾಕಿದ್ದೆವು. ಯಂತ್ರ ಬರಲಿಲ್ಲ, ದ್ವೀಪ ಬಂತು. ಹವಾಯಿಯ ಕವಾಯಿ ದ್ವೀಪದಲ್ಲಿ ಐದು ರಾತ್ರಿ, ಸಮುದ್ರ ಕಾಣುವ ಕೋಣೆ, ಎಂದಿನ ಬೆಲೆಯಲ್ಲಿ ಕಾಲು ಭಾಗ. ಷರತ್ತು ಒಂದೇ: ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕುಳಿತು ಒಂದು ಬೆಳಗ್ಗೆ ಪೂರ್ತಿ ಅವರ ಮಾತು ಕೇಳಬೇಕು. ಅಲ್ಲಿನ ಮನೆಯೊಂದರಲ್ಲಿ ವರ್ಷಕ್ಕೊಂದು ವಾರದ ಪಾಲು ಕೊಂಡುಕೊಳ್ಳಿ ಎನ್ನುವುದು ಅವರ ಕೆಲಸ, ಬೇಡ ಎನ್ನುವುದು ನಮ್ಮ ಕೆಲಸ.

"ನಿಮ್ ಯಜಮಾನ್ರು ಮನೇಲಿದಾರಾ ಮೇಡಂ?" ಎಂದು ಆ ಹುಡುಗಿ ಕೇಳಿದಳು. ನಾನು ಕಿಟಕಿಯಿಂದ ನೋಡಿದೆ. ನೀನು ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿ, ಬರ್ಚ್ ಮರದ ಕೊರಡುಗಳನ್ನು ಒಂದೊಂದಾಗಿ ನಿಲ್ಲಿಸಿಕೊಂಡು ಸೀಳುತ್ತಿದ್ದೆ. "ಇದಾರಮ್ಮ, ಹಿತ್ಲಲ್ಲಿ ಸೌದೆ ಒಡೀತಿದಾರೆ" ಎಂದೆ. ಅದೇನು ಸುಳ್ಳಲ್ಲವಲ್ಲ.

ಆ ಸಂಜೆ ನೀನು ಕಾಯಿಸಿಟ್ಟ ಸೌನಾದಲ್ಲಿ ಮೇಲಿನ ಬೆಂಚಿನ ಮೇಲೆ ಕುಳಿತು, ಕಾದ ಕಲ್ಲಿಗೆ ನೀರು ಸುರಿದು ಕಣ್ಣು ಮುಚ್ಚಿದೆ. ಆವಿ ಬಂದು ಹೆಗಲಿನ ಮೇಲೆ ಕೂತಿತು. ಹೊರಗೆ ಸೂರಿನ ತನಕ ಹಿಮವಿದೆ ಎಂಬುದೇ ಮರೆತುಹೋಯಿತು. ದ್ವೀಪದ ಗಾಳಿ ಹೀಗೇ ಇರುತ್ತದೇನೋ, ಒದ್ದೆ ಒದ್ದೆಯಾಗಿ, ಮೈಗೆ ಅಂಟಿಕೊಂಡು. ಹಾಗೇ ಮಂಪರು ಹತ್ತಿತು, ಕನಸಿನಲ್ಲಿ ನೀನು ಪ್ಯಾಂಟು ಮಡಚಿ ಸಮುದ್ರದ ನೀರಿನಲ್ಲಿ ನಿಂತಿದ್ದೆ. ಗಣಿಯ ಟೋಪಿ ತಲೆಯ ಮೇಲೇ ಇತ್ತು, ಮೈಮೇಲೆ ಹೂವಿನ ಅಂಗಿ. ಕಾಲುಗಳು ಹಾಲಿನ ಹಾಗೆ ಬಿಳಿ. ಅಲ್ಲಿ ಸೀಳಲು ಸೌದೆಯಿಲ್ಲ, ಸೂರಿನಿಂದ ಕೆಡವಲು ಹಿಮವಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಿದೆ. ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ. "ಏನಂದೆ?" ಎಂದು ನಾನು ಜೋರಾಗಿ ಕೇಳಿದ್ದಕ್ಕೆ ನನಗೇ ಎಚ್ಚರವಾಯಿತು.

ನೀನು ಏನು ಹೇಳಿದೆ ಎಂದು ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಕಣ್ಣು ಮುಚ್ಚಿ ಹಳ್ಳಕ್ಕೆ ಬೀಳುವವಳು ನಾನಲ್ಲ, ನಿನಗೆ ಗೊತ್ತು. ಪಕ್ಕದ ಬೀದಿಯ ಆರ್ವೋನನ್ನು ಅಂಗಡಿಯಲ್ಲಿ ಹಿಡಿದು ವಿಚಾರಿಸಿದೆ. ಅವನೂ ಹೆಂಡತಿಯೂ ಇಂಥದ್ದೇ ಒಂದಕ್ಕೆ ಹೋಗಿ, ಬೇಡ ಎನ್ನಲು ಸಂಕೋಚಪಟ್ಟು, ಸಹಿ ಹಾಕಿ ಬಂದವರು. ಈಗ ಅಲ್ಲಿಗೆ ಹೋಗುವುದೂ ಇಲ್ಲ, ಆ ಪಾಲನ್ನು ಕೊಳ್ಳುವವರೂ ಇಲ್ಲ. "ನೋಡು ಸಿಲ್ವಿಯಾ, ಅವ್ರು ಮೊದ್ಲು ಅನಾನಸ್ ಕೊಡ್ತಾರೆ, ಆಮೇಲೆ ಪೆನ್ನು ಕೊಡ್ತಾರೆ. ಅನಾನಸ್ ತಿನ್ನು, ಪೆನ್ನು ಮಾತ್ರ ಮುಟ್ಬೇಡ" ಎಂದ. ಬೇಡ ಎಂದರೆ ದೊಡ್ಡ ಸಾಹೇಬರನ್ನು ಕರೆತರುತ್ತಾರಂತೆ. ಆತ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಇನ್ನು ಹತ್ತು ವರ್ಷಕ್ಕೆ ನೀವಿಬ್ಬರೂ ಎಲ್ಲಿರುತ್ತೀರಿ ಎಂದು ಕೇಳುತ್ತಾನಂತೆ.

ಅದಕ್ಕೇ ನೀನು ಬೇಕು. ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ನೀನು ಕೂತರೆ ಎಂಥಾ ಸಾಹೇಬನೂ ಸೋತು ಎದ್ದುಹೋಗುತ್ತಾನೆ. ನಿನ್ನ ಮೌನದ ಎದುರು ಯಾರೂ ಗೆದ್ದಿಲ್ಲ ರೇನೊ. ನಾನೂ ಗೆಲ್ಲಲಿಲ್ಲ.

ಈಗ ಇದನ್ನೂ ಬರೆದುಬಿಡುತ್ತೇನೆ. ಮೂರು ವರ್ಷದ ಹಿಂದೆ ನವೆಂಬರಿನಲ್ಲಿ ಊರಿನ ಗಂಡಸರೆಲ್ಲ ಜಿಂಕೆ ಬೇಟೆಗೆ ತಂತಮ್ಮ ಕಾಡಿನ ಮನೆಗಳಿಗೆ ಹೋದರು. ಬೇಟೆಯ ದಿನಗಳು ಮುಗಿದ ಮೇಲೆ ಎಲ್ಲರೂ ವಾಪಸ್ಸು ಬಂದರು. ನೀನು ಬರಲಿಲ್ಲ. "ಏನ್ ಸಿಲ್ವಿಯಾ, ನಿಮ್ಮೋರಿಗೆ ಜಿಂಕೆ ಇನ್ನೂ ಸಿಕ್ಲಿಲ್ವಾ?" ಎಂದು ಚರ್ಚಿನಲ್ಲಿ ಈಗಲೂ ಛೇಡಿಸುತ್ತಾರೆ. ನಾನು ನಕ್ಕು, ನಮ್ಮೋರು ಕೊಂಬು ನೋಡಿ ಆರಿಸ್ತಾರೆ ಎನ್ನುತ್ತೇನೆ. ಜಗಳವಾಗಿದ್ದರೆ ಕಾರಣವಾದರೂ ಹೇಳಬಹುದಿತ್ತು. ಆದದ್ದಿಷ್ಟೇ. ಗಣಿಯ ಕೆಲಸದಿಂದ ನಿವೃತ್ತನಾಗಿ ನೀನು ಮನೆಯಲ್ಲಿ ಕೂತೆ. ಕೂತವನು ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ದೊಡ್ಡದು, ಸಣ್ಣದು ಎಂದು ಸಾಲಾಗಿ ಜೋಡಿಸಿದೆ. ನೀಸು ಬ್ರೆಡ್ಡಿಗೆ ಹಿಟ್ಟು ಕಲಸಿಟ್ಟುಕೊಂಡು ನಾನು ಏಲಕ್ಕಿ ಹುಡುಕಿದರೆ ಡಬ್ಬ ಎಲ್ಲೂ ಇಲ್ಲ. "ಕಾಡಿನ್ ಮನೆ ಖಾಲಿ ಬಿದ್ದಿದೆಯಲ್ಲ, ಅಲ್ಲಿಗಾದ್ರೂ ಹೋಗ್ಬಾರ್ದಾ?" ಎಂದೆ. ನೀನು ಹೋದೆ.

ನಾನು ಹೇಳಿದ್ದು ಬೇಟೆ ಮುಗಿಯುವವರೆಗೆ. ನೀನು ಕೇಳಿಸಿಕೊಂಡದ್ದು ಎಲ್ಲಿಯವರೆಗೋ. ಫಿನ್‌ಲೆಂಡ್ ಮೂಲದ ನಮ್ಮ ಜನರ ಸಂಕೋಚಕ್ಕೆ ಮದ್ದಿಲ್ಲ. ಕರೆದರೆ ಹೋಗೋಣ ಎಂದು ನೀನು, ಬಂದರೆ ಬರಲಿ ಎಂದು ನಾನು. ಆದರೆ ಸೌನಾ ನಿನ್ನ ಅಜ್ಜ ಕಟ್ಟಿದ್ದು, ಶನಿವಾರ ಅದನ್ನು ತಣ್ಣಗೆ ಬಿಡಲು ನಿನ್ನಿಂದಾಗದು. ಹಾಗಾಗಿ ವಾರವಾರವೂ ಬರುತ್ತೀಯ. ಸ್ನಾನಕ್ಕೆ ಮೊದಲು ನಾನು, ಆಮೇಲೆ ನೀನು. ಹಿಂದೆ ಸೌನಾ ಮುಗಿಸಿ ಅಡುಗೆಮನೆಯಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದೆವು. ಈಗ ಅದನ್ನು ಫ್ಲಾಸ್ಕಿನಲ್ಲಿ ತುಂಬಿಸಿ ಸೌನಾದ ಬಾಗಿಲಲ್ಲಿಟ್ಟು ನಾನು ಒಳಗೆ ಬಂದುಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ನಿನ್ನ ಗಾಡಿ ಹೊರಟ ಸದ್ದು ಕೇಳುತ್ತದೆ. ಮುಂದಿನ ವಾರ ನೀನು ತೊಳೆದು ಒರೆಸಿಟ್ಟ ಫ್ಲಾಸ್ಕು ಮೆಟ್ಟಿಲ ಮೇಲಿರುತ್ತದೆ.

ಬ್ರಿಯಾನಾ ಆ ವಾರದ ಪಾಲಿನ ವಿಷಯ ಬಿಡಿಸಿ ಹೇಳುತ್ತಿದ್ದಾಗ ನನಗೆ ಇದೇ ನೆನಪಾಯಿತು. ಮನೆ ನಿಮ್ಮದೇ ಮೇಡಂ, ಆದ್ರೆ ನಿಮ್ ಸರದಿ ಬಂದಾಗ ಮಾತ್ರ, ಎಂದಳು. ನೀನು ಹುಟ್ಟಿ ಬೆಳೆದ ಈ ಮನೆಯಲ್ಲಿ ನಿನಗೆ ಉಳಿದಿರುವುದು ಶನಿವಾರದ ಸಂಜೆಯ ಸರದಿಯೊಂದೇ. ಅದನ್ನು ನೆನೆದು ನನಗೆ ತುಂಬ ಸಂಕಟವಾಯಿತು. ನಿನಗೂ ಹೀಗೆ ಅನಿಸುತ್ತದೆಯೋ ಇಲ್ಲವೋ ಗೊತ್ತಿಲ್ಲ. ಕೇಳಬೇಕಿತ್ತು.

ಸೋಮವಾರದೊಳಗೆ ಅವಳಿಗೆ ಉತ್ತರ ಹೇಳಬೇಕು. ನೀನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಈ ಶನಿವಾರ ಬಾಗಿಲಲ್ಲಿ ಫ್ಲಾಸ್ಕು ಇಡುವುದಿಲ್ಲ. ಕಾಫಿ ಅಡುಗೆಮನೆಯ ಒಲೆಯ ಮೇಲಿರುತ್ತದೆ, ಪಕ್ಕದಲ್ಲಿ ಬೆಳಗ್ಗೆ ಮಾಡಿದ ನೀಸು. ಬರುವುದಾದರೆ ಗಾಡಿಯ ಕಡೆ ಹೋಗದೆ ಈ ಕಡೆ ಬಾ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ಗಾಡಿಯ ಸದ್ದು ಕೇಳಿದರೆ ನನಗೆ ದುಃಖವಾಗುತ್ತದೆ, ಆದರೆ ನಾನು ಕರೆಯಲಿಲ್ಲ ಎಂದು ಮಾತ್ರ ಇನ್ನು ಮೇಲೆ ನೀನು ಅಂದುಕೊಳ್ಳುವ ಹಾಗಿಲ್ಲ.

ತಲೆ ಒರೆಸಿಕೊಂಡು ಬಾ, ಅಂಗಳ ದಾಟುವಷ್ಟರಲ್ಲಿ ಕೂದಲು ಮಂಜುಗಟ್ಟುತ್ತದೆ.

ನಿನ್ನ ದಾರಿ ನೋಡುತ್ತಾ,
ಸಿಲ್ವಿಯಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಇಬ್ಬರೂ ಬರಬೇಕೆಂಬ ಷರತ್ತು ಜೊತೆಯಲ್ಲಿ ಬಾಳುವವರಿಗೆ ಮಾತ್ರ. "ಬೇರೆ ಬೇರೆ ಇದೀರಾ ಅಂದ್ರೂ ಪರವಾಗಿಲ್ಲ ಮೇಡಂ, ನೀವೊಬ್ರೇ ಬರಬಹುದು, ಜೊತೆಗೆ ಅಕ್ಕನ್ನೋ ಫ್ರೆಂಡನ್ನೋ ಕರ್ಕೊಂಡ್ ಬನ್ನಿ, ಬೆಲೆ ಅದೇ" ಎಂದು ಆ ಹುಡುಗಿ ಮೊದಲೇ ಹೇಳಿದ್ದಳು. ಮಾರ್ಥಾ ಆಗಲೇ ಈಜುವ ಬಟ್ಟೆ ಕೊಂಡು ತಂದಿದ್ದಾಳೆ. ಆದರೆ ಬೇರೆ ಇದ್ದೇವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿನಗೆ ದ್ವೀಪ ಬೇಡವಾದರೆ ನನ್ನ ಜೊತೆ ಮಾರ್ಥಾ ಬರಲಿ, ನೀನು ಕಾಫಿಗಾದರೂ ಬಾ. ಏಲಕ್ಕಿ ಡಬ್ಬ ನೀನಿಟ್ಟ ಜಾಗದಲ್ಲೇ ಇದೆ. ನಾನು ಅದನ್ನು ಕದಲಿಸಿಲ್ಲ.